ಕೆಳಗಿನ ಏಳು ಸಾಲು

ಶಿ. ಅ. ಎಂಬ ಎರಡಕ್ಷರದ ಮನುಷ್ಯನ ಮೇಲೆ ಸಿದ್ದಲಿಂಗಪ್ಪನಿಗೆ ಮೂರು ವಾರದಿಂದ ಸಿಟ್ಟು.

ಆತ ಮುಗದದ ಶಾಲೆಯಲ್ಲಿ ಮಾಸ್ತರ. ಇಪ್ಪತ್ತೇಳರ ಹರೆಯ, ಒಂದು ಹಳೆಯ ಸೈಕಲ್ಲು, ಅರ್ಧ ಬರೆದ ಮೊದಲ ಪುಸ್ತಕ. ಧಾರವಾಡದ ಬಿಂದುಮಾಧವರಾಯರು ತಮ್ಮ ಸಣ್ಣ ಪ್ರೆಸ್ಸಿನಿಂದ ‘ಊರಿಗೊಂದು ಪುಸ್ತಕ’ ಎಂಬ ಮಾಲೆ ಹೊರಡಿಸುವ ಹುಮ್ಮಸ್ಸಿನಲ್ಲಿದ್ದರು. ಪಂಡಿತರಿಗಲ್ಲ, ಸಂತೆಗೆ ಬಂದವರು ಬಸ್ಸಿಗೆ ಕಾಯುತ್ತ ಓದಿ ಮುಗಿಸಬಹುದಾದ ನಲವತ್ತೆಂಟು ಪುಟದ ಇತಿಹಾಸ. ರಾಜರ ಚರಿತ್ರೆ ಸಾಕಷ್ಟಾಯಿತು, ಇನ್ನು ಅಗಸಿ, ಬಾವಿ, ಹೊಂಡ, ಕಟ್ಟೆಗಳ ಚರಿತ್ರೆ ಆಗಲಿ ಎಂಬುದು ರಾಯರ ವಾದ. ಅದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಸಿದ್ದಲಿಂಗಪ್ಪನ ಪಾಲಿಗೆ ಬಂದದ್ದು ಅಮ್ಮಿನಬಾವಿಯಾಚೆ ಎರಡು ಹರದಾರಿ ದೂರದ ಹೊಂಡದಕೊಪ್ಪ. ಅಲ್ಲಿನ ಮೆಟ್ಟಿಲ ಹೊಂಡ, ಹೊಂಡದ ಕಟ್ಟೆಯ ಮೇಲಿನ ಶಾಸನದ ಕಲ್ಲು. ಆತ ಬರೆದು ಕಳಿಸಿದ್ದು ಪ್ರೂಫಾಗಿ ಮರಳಿ ಬರುವಾಗ ಬದಿಯಲ್ಲಿ ಪೆನ್ಸಿಲಿನ ಟಿಪ್ಪಣಿ ಇರುತ್ತಿತ್ತು. ‘ಅತ್ಯಂತ ರಮಣೀಯವಾದ ಈ ಹೊಂಡ’ ಎಂದಲ್ಲಿ ಎರಡು ಶಬ್ದಕ್ಕೆ ಗೀಟೆಳೆದು, ‘ಓದಿದವರು ಹೋಗಿ ನೋಡಲಿ. ಶಿ. ಅ.’ ‘ಸಾಕ್ಷಾತ್ ಗಂಗೆಯೇ ಇಳಿದು ಬಂದಂತೆ ಸದಾ ತುಂಬಿರುವ’ ಎಂದಲ್ಲಿ, ‘ಬೇಸಿಗೆಗೆ ಬತ್ತುತ್ತದೆ. ಶಿ. ಅ.’

ಈ ಶಿ. ಅ. ನಿವೃತ್ತ ಹೆಡ್‌ಮಾಸ್ತರರು, ನಶ್ಯ ಏರಿಸುವವರು, ಮೂಲವ್ಯಾಧಿಯವರು ಎಂದು ಆತ ತೀರ್ಮಾನಿಸಿದ್ದ. ಒಂದು ಶನಿವಾರ ಮುಂಜಾನೆಯ ಶಾಲೆ ಬಿಟ್ಟೊಡನೆ ರೈಲು ಹತ್ತಿ ಧಾರವಾಡಕ್ಕೆ ಬಂದ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಜೋಡಿಸಿಕೊಂಡಿದ್ದ. ಅದರಲ್ಲೂ ವಿಶೇಷಣಗಳು ಸಾಕಷ್ಟಿದ್ದವು.

ಪ್ರೆಸ್ಸಿನಲ್ಲಿ ರಾಯರಿರಲಿಲ್ಲ. ಕಿಟಕಿಯ ಪಕ್ಕದ ಮೇಜಿಗೆ ನೀಲಿ ಇಳಕಲ್ ಸೀರೆಯ ಹುಡುಗಿಯೊಬ್ಬಳು ಬಗ್ಗಿ ಕೂತಿದ್ದಳು. ಶಿ. ಅ. ಅವರು ಎಲ್ಲಿ ಎಂದು ಕೇಳಿದ. ಏನು ಕೆಲಸವಿತ್ತು ಎಂದು ಆಕೆ ಕೇಳಿದಳು. ಆತ ಹೇಳಿದ. ಹತ್ತು ನಿಮಿಷ ಹೇಳಿದ. ಆಕೆ ಪೆನ್ಸಿಲಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡು, ನಡುವೆ ನೆರವಾಗುವಂಥ ಪ್ರಶ್ನೆ ಹಾಕುತ್ತ ಕೇಳಿಸಿಕೊಂಡಳು. ಅವರಿಗೆ ವಯಸ್ಸು ಎಷ್ಟಿರಬಹುದು, ಸ್ವಭಾವ ಮೊದಲಿಂದಲೂ ಹೀಗೆಯೋ, ಹೆಂಡತಿ ಇದ್ದಾರೋ ಹೇಗೆ. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಲಾಲಸಾಬನ ಕೈ ನಿಂತಿತ್ತು. ಅದು ಊಟದ ಹೊತ್ತಿಗೆ ಬಿಟ್ಟರೆ ನಿಲ್ಲುವ ಕೈಯಲ್ಲ.

“ಅವ್ರಿಗೆ ಹೇಳತೇನ್ರಿ,” ಎಂದಳು ಆಕೆ. “ಮತ್ತೇನರೆ?”

“ಒಮ್ಮಿಯರೆ ಆ ಹೊಂಡ ಕಣ್ಣಲೆ ನೋಡ್ಯಾರೇನು ಅಂತ ಕೇಳ್ರಿ.”

“ನೋಡ್ಯಾರ್ರಿ. ಎಂಟನೇ ವರ್ಷಕ್ಕ ಅದರಾಗ ಬಿದ್ದಾರ. ಹೊಂಡಕ್ಕ ಇಳಿಯೂ ಪಾವಟಿಗಿ ಹನ್ನೆರಡಂತ ಬರದೀರಿ, ಹದಿನಾಲ್ಕ ಅದಾವು. ಎರಡು ನೀರಾಗ ಅದಾವು. ಬಿದ್ದವರಿಗೆ ಅಷ್ಟ ಗೊತ್ತಾಗತಾವ.”

ಶಿವಲಿಂಗವ್ವ ಅಡಿವೆಪ್ಪಗೌಡ. ಹೊಂಡದಕೊಪ್ಪದ ಗೌಡರ ಮಗಳು. ಬಿ.ಎ. ಮುಗಿಸಿ ಧಾರವಾಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ರಾಯರು ಗೌಡರ ಹಳೆಯ ಸಹಪಾಠಿ ಎಂಬ ಒಂದೇ ಕಾರಣಕ್ಕೆ, ಗಂಡು ಗೊತ್ತಾಗುವ ತನಕ ಎಂಬ ಕರಾರಿನ ಮೇಲೆ, ಪ್ರೂಫ್ ನೋಡಲು ಅವಳಿಗೆ ಅಪ್ಪಣೆ ಸಿಕ್ಕಿತ್ತು.

ಸಿದ್ದಲಿಂಗಪ್ಪ ಮುಖ ಎತ್ತಿ ನೋಡಿದ. ಆಕೆ ನಗುತ್ತಿರಲಿಲ್ಲ, ನಗುವನ್ನು ಹಲ್ಲಿನ ಹಿಂದೆ ಹಿಡಿದು ಕೂತಿದ್ದಳು, ಅದು ಕಣ್ಣಿನ ಕಡೆಯಿಂದ ತಪ್ಪಿಸಿಕೊಳ್ಳುತ್ತಿತ್ತು. ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಖಾನೆ ತಪ್ಪಿದ ಮೊಳೆಗಳಂತೆ ಚೆಲ್ಲಾಪಿಲ್ಲಿಯಾಯಿತು.

“ಹದಿನಾಲ್ಕು ಅಂತ ಮಾಡ್ರಿ,” ಎಂದ.

ಆ ಮೇಲಿನ ಶನಿವಾರಗಳಲ್ಲಿ ಪ್ರೂಫ್ ಅಂಚೆಗೆ ಹೋಗಲಿಲ್ಲ. ಲೇಖಕರೇ ಬಂದು ಓದಿ ಹೇಳಿದರೆ ತಪ್ಪು ಕಡಿಮೆ ಎಂದು ರಾಯರಿಗೆ ಯಾರೋ ಸೂಚಿಸಿದ್ದರು. ಯಾರು ಎಂಬುದನ್ನು ಸಿದ್ದಲಿಂಗಪ್ಪ ಕೇಳಲಿಲ್ಲ, ಆಕೆ ಹೇಳಲಿಲ್ಲ. ಆತ ಕೈಬರಹ ಹಿಡಿದು ಗಟ್ಟಿಯಾಗಿ ಓದಬೇಕು, ಆಕೆ ಅಚ್ಚಾದದ್ದರ ಮೇಲೆ ಪೆನ್ಸಿಲು ಓಡಿಸಬೇಕು. ಪ್ರೆಸ್ಸಿನ ಪದ್ಧತಿಯಂತೆ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು.

“ಹೊಂಡದ ಮೂಡಣ ದಿಕ್ಕಿಗೆ ಒಂದು ಬೇವಿನಮರ, ಅಲ್ಪವಿರಾಮ, ಅದರ ನೆರಳಿಗೆ ಒಂದು ಕಟ್ಟೆ, ಪೂರ್ಣವಿರಾಮ.”

ಅಲ್ಪವಿರಾಮಕ್ಕೆ ಆಕೆ ತಲೆ ಎತ್ತುತ್ತಿರಲಿಲ್ಲ. ಪೂರ್ಣವಿರಾಮಕ್ಕೆ ಎತ್ತುತ್ತಿದ್ದಳು. ಹೀಗಾಗಿ ಮುಂದಿನ ಅಧ್ಯಾಯದಲ್ಲಿ ಸಿದ್ದಲಿಂಗಪ್ಪನ ವಾಕ್ಯಗಳು ಬಹಳ ಚಿಕ್ಕವಾದವು. ಶೈಲಿ ಸುಧಾರಿಸಿದೆ ಎಂದು ರಾಯರು ಮೆಚ್ಚಿಕೊಂಡರು.

ರಾಯರ ಪ್ರೆಸ್ಸಿನಲ್ಲಿದ್ದ ಮೊಳೆಗಳು ಎಂಟು ಪುಟಕ್ಕೆ ಸಾಲುವಷ್ಟೇ. ಎಂಟು ಪುಟ ಜೋಡಿಸಿ, ತಿದ್ದಿ, ಅಚ್ಚು ಹಾಕಿ, ಮೊಳೆ ಬಿಚ್ಚಿ ಖಾನೆಗಳಿಗೆ ಮರಳಿ ತುಂಬಿದ ಮೇಲೆಯೇ ಮುಂದಿನ ಎಂಟು ಪುಟ. ಅಂದರೆ ಪುಸ್ತಕದ ಕೊನೆಯನ್ನು ಲೇಖಕ ಬರೆಯುವ ಮೊದಲೇ ಅದರ ಆರಂಭ ಅಚ್ಚಾಗಿ ಮೂಲೆಯಲ್ಲಿ ಕಟ್ಟು ಬಿಗಿದು ಕೂತಿರುತ್ತಿತ್ತು. ಮೊದಲು ಮದುವೆಯ ಅಕ್ಕಿಕಾಳು ಹಾಕಿ ಆಮೇಲೆ ಹೆಣ್ಣು ನೋಡಲು ಹೋದಂತೆ ಎಂದು ಲಾಲಸಾಬ ಅನ್ನುತ್ತಿದ್ದ.

ಹಾಗೆ ಅಚ್ಚಾದ ಐದನೆಯ ಪುಟದಲ್ಲಿ ಒಂದು ವಾಕ್ಯವಿತ್ತು. ‘ಈ ಹೊಂಡವನ್ನು ಊರಿಗೆ ಧರ್ಮಾರ್ಥವಾಗಿ ಕಟ್ಟಿಸಿಕೊಟ್ಟ ಪುಣ್ಯಪುರುಷ ಕಲ್ಲಗೌಡ, ಈಗಿನ ಅಡಿವೆಪ್ಪಗೌಡರ ಮೂಲಪುರುಷ.’ ಕಟ್ಟೆಯ ಮೇಲೆ ಕಾಣುತ್ತಿದ್ದ ಕಲ್ಲಿನಲ್ಲಿ ಒಂಬತ್ತು ಸಾಲು ಇದ್ದವು, ಅವು ಕಲ್ಲಗೌಡ ಊರಿಗೆ ಹೊಂಡ ಕಟ್ಟಿಸಿಕೊಟ್ಟ ಎಂಬಷ್ಟನ್ನೇ ಹೇಳುತ್ತಿದ್ದವು. ಗೌಡರ ಮನೆಯ ಹೆಂಗಸರು ಸೋಮವಾರಕ್ಕೊಮ್ಮೆ ಆ ಕಲ್ಲಿಗೆ ವಿಭೂತಿ ಹಚ್ಚಿ ಪತ್ರಿ ಏರಿಸುತ್ತಿದ್ದರು. ನಾಲ್ಕು ನೂರು ವರ್ಷದ ಅಕ್ಷರ, ಎಣ್ಣೆ ಮೆತ್ತಿಕೊಂಡಿತ್ತು, ಓದಿದವರಿರಲಿಲ್ಲ. ಸಿದ್ದಲಿಂಗಪ್ಪ ಓದಿ ಹೇಳಿದ ದಿನ ಅಡಿವೆಪ್ಪಗೌಡರು ಬಹಳ ಹೊತ್ತು ಪೇಟ ಸರಿಮಾಡಿಕೊಂಡಿದ್ದರು.

ಎರಡನೆಯ ಅಧ್ಯಾಯ ‘ಹಳೆಯ ಅಕ್ಷರ ನೀವೂ ಓದಬಹುದು’ ಎಂದಿತ್ತು. ಒಂದು ಕಡೆ ಈಗಿನ ಅಕ್ಷರ, ಎದುರಿಗೆ ಹಳೆಯದು. ಒಟ್ಟು ಎರಡು ಪುಟದ ಪಟ್ಟಿ. ಸಾಮಾನ್ಯರು ಇದನ್ನೆಲ್ಲ ಕಲಿಯುತ್ತಾರೆಯೇ ಎಂದು ರಾಯರಿಗೆ ಅನುಮಾನ. ಶಿವಲಿಂಗವ್ವ ಮಾತ್ರ ಪ್ರೂಫ್ ನೋಡುವ ನೆವದಿಂದ ಆ ಪಟ್ಟಿಯನ್ನು ಮೂರು ಸಲ ನೋಡಿದಳು. ಒಂದು ಶನಿವಾರ ಹಳೆಯ ಅಕ್ಷರದಲ್ಲಿ ಚೀಟಿ ಬರೆದು ಮೇಜಿನ ಮೇಲೆ ಜರುಗಿಸಿದಳು. ಬಿಡಿಸಿ ಓದಲು ಸಿದ್ದಲಿಂಗಪ್ಪನಿಗೂ ಕೊಂಚ ಹೊತ್ತು ಹಿಡಿಯಿತು. ‘ಮಾಸ್ತರ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದಾರೆ’ ಎಂದಿತ್ತು.

ಗುಂಡಿ ಸರಿಮಾಡಿಕೊಳ್ಳುವಾಗ ಆತನ ಕಿವಿ ಕೆಂಪಾದದ್ದನ್ನು ಆಕೆ ನೋಡಿದಳು. ನೋಡಿದ್ದನ್ನು ಆತ ನೋಡಿದ. ಮುಗದಕ್ಕೆ ಮರಳುವ ರೈಲಿನಲ್ಲಿ ಆ ಚೀಟಿ ಆತನ ಜೇಬಿನಲ್ಲಿ ಇತ್ತು. ಆಕೆಗೆ ಹೇಳಬೇಕೆಂದು ಒಂದು ಮಾತು ಅಂದೇ ಹುಟ್ಟಿತು. ಅದರ ಜೊತೆಗೇ ಹೆದರಿಕೆಯೂ ಹುಟ್ಟಿತು. ಗೌಡರಿಗೆ ಎಂಬತ್ತು ಕೂರಿಗೆ ಹೊಲ, ತನಗೆ ಒಂದು ಹಾಜರಿ ಪುಸ್ತಕ.

ಪುಸ್ತಕ ಐದು ಪಾಲು ಅಚ್ಚಾಗಿ ಕೊನೆಯ ಎಂಟು ಪುಟ ಉಳಿದಾಗ ಹೊಂಡದಕೊಪ್ಪದಿಂದ ಹೇಳಿಕೆ ಬಂತು. ಯುಗಾದಿಯ ಮರುದಿನ ಪುಸ್ತಕದ ಬಿಡುಗಡೆ ಊರಲ್ಲೇ ಆಗಬೇಕು, ಅದಕ್ಕೆ ಮುಂಚೆ ಕಟ್ಟೆಯನ್ನು ಹೊಸದಾಗಿ ಶಹಾಬಾದ ಕಲ್ಲಿನಿಂದ ಕಟ್ಟಿಸಬೇಕು, ಮಾಸ್ತರು ಬಂದು ನೋಡಬೇಕು. ಸಿದ್ದಲಿಂಗಪ್ಪ ಹೋಗುವಷ್ಟರಲ್ಲಿ ಗೌಡರ ಆಳುಗಳು ಹಳೆಯ ಕಟ್ಟೆ ಬಿಚ್ಚಿ, ಶಾಸನದ ಕಲ್ಲನ್ನು ಇನ್ನಷ್ಟು ಎತ್ತರಕ್ಕೆ ನಿಲ್ಲಿಸಲೆಂದು ಬುಡಸಮೇತ ಎಬ್ಬಿಸಿದ್ದರು. ಮಣ್ಣಿನಿಂದ ಇನ್ನೂ ಏಳು ಸಾಲು ಮೇಲೆ ಬಂದಿದ್ದವು. ಎಣ್ಣೆ, ವಿಭೂತಿ ಯಾವುದೂ ತಾಗದ ಅಕ್ಷರಗಳು ಮೊನ್ನೆ ಕೊರೆದಷ್ಟು ಚೊಕ್ಕಟವಾಗಿದ್ದವು.

ಆತ ಬಗ್ಗಿ ಓದಿದ.

ಕಲ್ಲಗೌಡನ ಎರಡು ಎತ್ತು ಬಸವ್ವೆ ಎಂಬ ವಿಧವೆಯ ಹೊಲ ಹೊಕ್ಕು ನಿಂತ ಜೋಳ ತಿಂದವು. ಎತ್ತು ನನ್ನವಲ್ಲ ಎಂದು ಕಲ್ಲಗೌಡ ದೇವರ ಮುಂದೆ ಆಣೆ ಮಾಡಿದ. ಆಣೆ ಸುಳ್ಳೆಂದು ತಿಳಿದು ಊರ ಹನ್ನೆರಡು ಮಂದಿ ಕೂಡಿ ತಪ್ಪಿಗೆ ಅವನಿಂದ ಈ ಹೊಂಡ ತೋಡಿಸಿದರು. ಮುಂದಿನವರು ಅರಿಯಲೆಂದು ಈ ಕಲ್ಲು.

ಗೌಡರ ಮನೆತನ ನಾಲ್ಕು ನೂರು ವರ್ಷ ಪತ್ರಿ ಏರಿಸಿದ್ದು ದಂಡದ ಕಾಗದಕ್ಕೆ. ಸರಿಯಾಗಿ ಆ ಏಳು ಸಾಲು ಮುಚ್ಚುವಷ್ಟೇ ಎತ್ತರಕ್ಕೆ ಕಟ್ಟೆ ಕಟ್ಟಿಸಿದ ಹಿರಿಯರು ಯಾರೋ, ಅವರಿಗೆ ಓದು ಬರುತ್ತಿದ್ದುದರಲ್ಲಿ ಸಂಶಯವಿಲ್ಲ.

ಗೌಡರು ಹಿಂದೆಯೇ ನಿಂತಿದ್ದರು. ದಪ್ಪ ದನಿಯ, ದೊಡ್ಡ ಮೀಸೆಯ, ಮಗುವಿನಂತೆ ಹಿಗ್ಗುವ ಮನುಷ್ಯ. “ಏನ ಬರದೈತ್ರಿ ಮಾಸ್ತರ? ಮತ್ತೇನ ದಾನಾ ಮಾಡ್ಯಾನ ನಮ್ಮ ಮುತ್ಯಾ?”

“ಮಣ್ಣ ಹತ್ತೈತ್ರಿ,” ಎಂದ ಸಿದ್ದಲಿಂಗಪ್ಪ. “ಓದಾಕ ಬರವಲ್ದು. ಅಚ್ಚ ತಗೊಂಡ ನೋಡಬೇಕು.”

ಗೌಡರು ಆತನ ಹೆಗಲ ಮೇಲೆ ಕೈ ಇಟ್ಟರು. ಬಿಡುಗಡೆ ಆಗಲಿ, ಆಮೇಲೆ ಮಾಸ್ತರ ಮನೆಯ ಹಿರಿಯರನ್ನು ಕಾಣಲು ತಾವು ಬರುವುದಿದೆ ಎಂದರು. ಹೊಲ ಮನೆ ಇದ್ದವರು ಬೇಕಾದಷ್ಟು ಮಂದಿ ಬಂದು ಹೋದರು, ತಮ್ಮ ಮನೆತನದ ಬೆಲೆ ಬಲ್ಲವನು ಒಬ್ಬನೂ ಬರಲಿಲ್ಲ ಎಂದರು. ಎರಡು ತಿಂಗಳಿಂದ ಆತ ಕನಸಿನಲ್ಲೂ ಕೇಳಲು ಹೆದರುತ್ತಿದ್ದ ಮಾತು, ಕೇಳಬಾರದ ಹೊತ್ತಿಗೆ ಕಿವಿಗೆ ಬಿತ್ತು.

ಒದ್ದೆ ಕಾಗದ ಹೊದಿಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯುವಾಗ ಒಂದು ಹಾಳೆ ಹರಿಯಿತು. ಆ ವಾರ ಮುಗದದ ಮಕ್ಕಳಿಗೆ ಒಂದೇ ಪಾಠ ಎರಡು ಸಲ ಆಯಿತು. ಕೊನೆಯ ಅಧ್ಯಾಯವನ್ನು ಆತ ಮೂರು ಸಲ ಬರೆದ, ಮೂರೂ ಸಲ ಅದೇ ಜಾಗದಲ್ಲಿ ಪೆನ್ನು ನಿಂತಿತು. ನಾಲ್ಕನೆಯ ಸಲ ನಿಲ್ಲದಂತೆ ವೇಗವಾಗಿ ಬರೆದುಬಿಟ್ಟ.

ಶನಿವಾರ ಮೇಜಿನ ಮುಂದೆ ಕೂತಾಗ ಶಿವಲಿಂಗವ್ವ ಎಂದಿನಂತೆ ಪೆನ್ಸಿಲು ಚೂಪು ಮಾಡಿದಳು. ಆತ ಓದುತ್ತ ಹೋದ. ಆ ಜಾಗ ಬಂತು.

“ಕಲ್ಲಿನ ಕೆಳಗಿನ ಸಾಲುಗಳು ಸವೆದು ಓದಲಾರದಂತಿವೆ, ಪೂರ್ಣವಿರಾಮ.”

ಆಕೆ ತಲೆ ಎತ್ತಲಿಲ್ಲ. ಪೆನ್ಸಿಲು ಆ ಸಾಲಿನ ಕೆಳಗೆ ನಿಂತಿತ್ತು.

“ಇನ್ನೊಮ್ಮಿ ಓದ್ರಿ.”

ಓದಿದ. ಎರಡನೆಯ ಸಲ ಅದು ಇನ್ನಷ್ಟು ಕೆಟ್ಟದಾಗಿ ಕೇಳಿಸಿತು.

“ಪೂರ್ಣವಿರಾಮನ?” ಎಂದಳು.

ಆತ ಕೈಬರಹ ಕೆಳಗಿಟ್ಟ. ಆಕೆ ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಪ್ರೂಫಿನ ಮೇಲೆ ಹರಡಿದಳು. ಏಳು ಸಾಲು, ಅವಳ ಕೈಬರಹ. ಹಳೆಯ ಅಕ್ಷರದ ಕೆಳಗೆ ಹೊಸದು. ಒಂದೆರಡು ಕಡೆ ಪ್ರಶ್ನಾರ್ಥಕ ಚಿಹ್ನೆ ಇತ್ತು, ಬಸವ್ವೆಯ ಹೆಸರು ಸರಿಯಾಗಿಯೇ ಇತ್ತು. ಕಲ್ಲು ಎಬ್ಬಿಸಿದ ದಿನ ಆಕೆ ಊರಲ್ಲಿದ್ದಳು. ಮಾಸ್ತರು ಬರುವುದಕ್ಕೆ ಒಂದು ತಾಸು ಮೊದಲು ಕಟ್ಟೆಯ ಹತ್ತಿರ ಕೂತು, ಪಟ್ಟಿಯ ಎರಡು ಪುಟ ನೆನಪು ಮಾಡಿಕೊಂಡು ಅಕ್ಷರ ಕೂಡಿಸಿದ್ದಳು. ಪುಸ್ತಕ ಸಾಮಾನ್ಯ ಓದುಗರಿಗೆ ಮುಟ್ಟುತ್ತದೆಯೇ ಎಂಬ ರಾಯರ ಅನುಮಾನಕ್ಕೆ ಇದು ಉತ್ತರವಾಗಿತ್ತು, ಆದರೆ ಲೇಖಕ ಸಂತೋಷಪಡುವ ಸ್ಥಿತಿಯಲ್ಲಿರಲಿಲ್ಲ.

ಆಕೆಗೆ ನೋವಾದೀತೆಂದು ಹಾಗೆ ಬರೆದೆ ಎಂದ. ಅರ್ಧ ಸತ್ಯ. ಗೌಡರು ಹಿರಿಯರನ್ನು ಕಾಣಲು ಬರುತ್ತೇನೆಂದದ್ದನ್ನೂ ಹೇಳಿದ. ಉಳಿದ ಅರ್ಧ ತಾನಾಗಿಯೇ ಹೊರಬಿತ್ತು.

“ಗೊತ್ತೈತ್ರಿ, ಅಪ್ಪ ನನ್ನ ಕೇಳ್ಯಾನ,” ಎಂದಳು ಶಿವಲಿಂಗವ್ವ. ದನಿ ಮೆಲ್ಲಗಿತ್ತು. “ನಾ ಹೂಂ ಅಂದಿದ್ದೆ. ತನ್ನ ‘ರಮಣೀಯ’ ಹೊಡದಾಕಿದ್ದಕ್ಕ ಮುಗದದಿಂದ ಜಗಳಾಡಾಕ ಬಂದಿದ್ದ ಒಬ್ಬ ಮಾಸ್ತರಗ ಹೂಂ ಅಂದಿದ್ದೆ. ಇಂವಾ ಬ್ಯಾರೆ. ಇಂವಾ ನನ್ನ ಸಲುವಾಗಿ ಕಲ್ಲ ಸವಿಸ್ಯಾನ. ನಾಳಿ ಮತ್ತ ಯಾರದೋ ಸಲುವಾಗಿ ನನ್ನೂ ಸವಿಸ್ಯಾನು.”

ಹಿಂದೆ ಲಾಲಸಾಬ ಕೆಮ್ಮಿ, ಚಹಾ ಕುಡಿದು ಬರುವುದಾಗಿ ಗೋಡೆಗೆ ಹೇಳಿ ಹೊರಗೆ ಹೋದ.

ಸಿದ್ದಲಿಂಗಪ್ಪ ಆಕೆಯ ಪೆನ್ಸಿಲು ತೆಗೆದುಕೊಂಡು ತನ್ನ ಸಾಲಿಗೆ ತಾನೇ ಗೀಟೆಳೆದ. ಆಕೆಯ ಹಾಳೆಯಲ್ಲಿದ್ದ ಏಳು ಸಾಲನ್ನು ಬದಿಗೆ ಇಳಿಸಿದ. ಗೌಡರಿಗೆ ತಾನೇ ಹೋಗಿ ಹೇಳುತ್ತೇನೆ, ಅಲ್ಲಿಯ ತನಕ ಅಚ್ಚು ಬೇಡ ಎಂದ. ಆಕೆ ಮುಖ ಕಿಟಕಿಯ ಕಡೆ ತಿರುಗಿಸಿದ್ದಳು.

ರಾಯರು ತಲೆಯ ಮೇಲೆ ಕೈ ಹೊತ್ತರು. ಐದನೆಯ ಪುಟದಲ್ಲಿ ಪುಣ್ಯಪುರುಷ, ನಲವತ್ತೊಂದನೆಯ ಪುಟದಲ್ಲಿ ದಂಡ ತೆತ್ತವನು. ಒಂದೇ ಪುಸ್ತಕದಲ್ಲಿ ಒಬ್ಬನೇ ಮನುಷ್ಯ. ಮೊದಲ ಎಂಟು ಪುಟ ಮತ್ತೆ ಅಚ್ಚು ಮಾಡಲು ಕಾಗದ ಇರಲಿಲ್ಲ.

“ಐದನೇ ಪುಟಾ ಹಂಗ ಇರಲಿರಿ ರಾಯರ,” ಎಂದ ಸಿದ್ದಲಿಂಗಪ್ಪ. “ನಾ ಅರ್ಧಾ ಕಲ್ಲ ಓದಿ ಹಂಗ ಬರದೆ, ಪೂರಾ ಓದಿದ ಮ್ಯಾಲ ಹಿಂಗ ತಿಳೀತು ಅಂತ ಕೊನೀಗೆ ಬರೀತೇನಿ.”

“ಲೇಖಕ ತನ್ನ ಪುಸ್ತಕದಾಗ ತಾನಽ ತಪ್ಪು ಅಂತ ಬರೀಲಿಕ್ಕೆ ಹತ್ತಿದ್ರ, ಓದವ್ರು ಏನ ತಿಳ್ಕೋಬೇಕೋ ಮಾರಾಯಾ?” ಎಂದರು ರಾಯರು. ಆಮೇಲೆ ಕನ್ನಡಕ ಒರೆಸಿಕೊಂಡು, ಅಡಿವೆಪ್ಪ ಶಾಲೆಯಲ್ಲಿ ಇದ್ದಾಗಿನಿಂದ ಕೈ ಬೀಸುವ ಮನುಷ್ಯ, ಸ್ವಲ್ಪ ದೂರ ನಿಂತು ಹೇಳು ಎಂದರು.

ಭಾನುವಾರ ಅಮ್ಮಿನಬಾವಿಯಲ್ಲಿ ಬಸ್ಸಿಳಿದು ಎರಡು ಹರದಾರಿ ನಡೆಯುವಾಗ ಸಿದ್ದಲಿಂಗಪ್ಪ ಮೂರು ಸಲ ನಿಂತ. ಎರಡು ಸಲ ನೀರು ಕುಡಿಯಲು, ಒಂದು ಸಲ ಕಾರಣವಿಲ್ಲದೆ.

ಗೌಡರು ಅಂಗಳದಲ್ಲಿ ಎತ್ತಿನ ಕೊರಳು ತಿಕ್ಕುತ್ತಿದ್ದರು. ಆತ ದೂರ ನಿಲ್ಲಲಿಲ್ಲ. ಮಸಿಯಚ್ಚಿನ ಹಾಳೆ ಬಿಚ್ಚಿ ಹದಿನಾರೂ ಸಾಲು ಓದಿ ಹೇಳಿದ. ಗೌಡರು ಇನ್ನೊಮ್ಮೆ ಓದಿಸಿದರು. ಎತ್ತಿನ ಮೇಲಿನ ಕೈ ನಿಂತಿತು. ಎತ್ತು ತಿರುಗಿ ನೋಡಿತು.

“ಅವತ್ತ ಮಣ್ಣ ಹತ್ತೈತಿ ಅಂದ್ರಿ,” ಎಂದರು ಗೌಡರು ಕಡೆಗೆ.

“ಅಂದೆರಿ.”

“ಮಣ್ಣಿತ್ತೇನು?”

“ಇತ್ರಿ. ಓದಾಕ ಬರೂವಷ್ಟ ಇತ್ತು.”

“ಅದಽ ಕಲ್ಲಿನ ಮುಂದ ನಿಂತು, ನನ್ನ ಮಾರಿ ನೋಡಿ ಅಂದ್ರಿ.”

“ಹೂಂರಿ.”

ಗೌಡರು ಕೈ ಒರೆಸಿಕೊಂಡು ಅಂಗಳದ ಕಟ್ಟೆಯ ಮೇಲೆ ಕೂತರು. “ಕಲ್ಲಗೌಡ ಮಾಡಿದ್ದು ಬಸವ್ವಗ. ಆಕಿ ಸತ್ತಳು, ಅಂವಾ ಸತ್ತ. ನೀವು ಮಾಡಿದ್ದು ನನಗ. ನಾ ಇನ್ನೂ ಅದೇನಿ.” ಎತ್ತಿನ ಕಡೆ ನೋಡಿದರು. “ಎತ್ತ ನನ್ನವಲ್ಲ ಅಂದವನ ಕಡಿಂದ ಹೊಂಡ ತೋಡಸ್ಯಾರ. ಓದಾಕ ಬರವಲ್ದು ಅಂದ ಮಾಸ್ತರನ ಕಡಿಂದ ಏನ ತೋಡಸೋಣು?”

ಸಿದ್ದಲಿಂಗಪ್ಪ ಮಸಿಯಚ್ಚಿನ ಹಾಳೆ ಮಡಿಸಿದ. ಗೌಡರ ದನಿಯಲ್ಲಿ ಇದ್ದದ್ದು ಸಿಟ್ಟೋ ಚೇಷ್ಟೆಯೋ ತಿಳಿಯಲಿಲ್ಲ. ಬಹುಶಃ ಗೌಡರಿಗೂ ತಿಳಿದಿರಲಿಲ್ಲ.

ತೀರ್ಪು ಅವರೇ ಹೇಳಿದರು. ಬಿಡುಗಡೆ ಗೊತ್ತಾದ ದಿನವೇ ಆಗಬೇಕು. ಹದಿನಾರು ಸಾಲನ್ನೂ ಮಾಸ್ತರು ಊರ ಮುಂದೆ ನಿಂತು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಮಣ್ಣಿನ ಮಾತನ್ನೂ ಹೇಳಬೇಕು, ಒಂದಕ್ಷರ ಬಿಡದಂತೆ. ಹೊರಡುವಾಗ ಒಂದು ಮಾತು ಸೇರಿಸಿದರು.

“ನಿಮ್ಮ ಹೊಟ್ಟ್ಯಾಗ ಇನ್ನೊಂದ ಮಾತ ಐತಿ. ಅದನ್ನ ಇವತ್ತ ಕೇಳಬ್ಯಾಡ್ರಿ.”

ಮುಂದಿನ ಶನಿವಾರ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇತ್ತು. ಊರಿಗೆ ಕರೆಸಿಕೊಂಡರಂತೆ ಎಂದು ಲಾಲಸಾಬ ಹೇಳಿದ. ಯಾಕೆ ಎಂದು ಆತನಿಗೆ ಗೊತ್ತಿರಲಿಲ್ಲ. ಬೇರೆ ಕಡೆಯಿಂದ ನೋಡಲು ಬರುವವರಿದ್ದಾರೆ ಎಂದು ಸೋದರತ್ತೆಯ ಮನೆಯ ಹತ್ತಿರ ಯಾರೋ ಅನ್ನುತ್ತಿದ್ದರು. ಕೊನೆಯ ಎಂಟು ಪುಟದ ಪ್ರೂಫನ್ನು ಸಿದ್ದಲಿಂಗಪ್ಪ ಒಬ್ಬನೇ ನೋಡಿದ. ಪೂರ್ಣವಿರಾಮಕ್ಕೆ ಬಂದಾಗಲೆಲ್ಲ ಎದುರಿಗೆ ನೋಡಿದ. ಹತ್ತು ತಪ್ಪು ಹಾಗೇ ಉಳಿದವು. ಲಾಲಸಾಬ ತಾನಾಗಿ ಅವನ್ನು ತಿದ್ದಿ ಮೊಳೆ ಬಿಗಿದ.

“ಮಾಸ್ತರ, ಒಂದ ಕೇಳಲ್ರಿ?” ಎಂದ ಲಾಲಸಾಬ. “ಆ ಸವದೈತಿ ಅನ್ನೂ ಸಾಲ ಹಂಗಽ ಬಿಟ್ಟಿದ್ರ ಏನಾಗತಿತ್ರಿ?”

“ಮದುವಿ ಆಗತಿತ್ತು.”

“ಹಂಗಾರ ಯಾಕ ತಗದ್ರಿ?”

“ಹೂಂ ಅಂದಿದ್ದ ಆಕಿ ಜೋಡಿ ಆಗತಿರಲಿಲ್ಲ,” ಎಂದ ಸಿದ್ದಲಿಂಗಪ್ಪ. ಬಾಯಿಂದ ಬಂದ ಮೇಲೆ ಅದರ ಅರ್ಥ ಆತನಿಗೂ ಹೊಳೆಯಿತು. ಆದರೂ ಸಮಾಧಾನವಾಗಲಿಲ್ಲ.

ಯುಗಾದಿಯ ಮರುದಿನ ಬೇವಿನ ಮರದ ಕೆಳಗೆ ಊರಿಗೆ ಊರೇ ಕೂಡಿತ್ತು. ಶಹಾಬಾದ ಕಲ್ಲಿನ ಚಪ್ಪಡಿಗಳು ಇನ್ನೂ ಗೋಡೆಗೆ ಒರಗಿಸಿದಂತೆಯೇ ಇದ್ದವು. ಶಾಸನದ ಕಲ್ಲನ್ನು ಬುಡದ ತನಕ ತೊಳೆದು ಬರಿಯ ನೆಲದ ಮೇಲೆ ನಿಲ್ಲಿಸಿದ್ದರು. ರಾಯರು ಮಾಲೆಯ ಧ್ಯೇಯದ ಬಗ್ಗೆ ಮಾತಾಡಿದರು. ಜನ ಹೊಂದಿಕೊಂಡು ಕೇಳಿದರು. ಹೆಂಗಸರ ಗುಂಪಿನಲ್ಲಿ ಹಸಿರು ಸೀರೆಯೊಂದು ಗೌಡರ ತಾಯಿ ಈರವ್ವಜ್ಜಿಯ ಪಕ್ಕದಲ್ಲಿತ್ತು. ಸಿದ್ದಲಿಂಗಪ್ಪ ಅತ್ತ ನೋಡಬಾರದೆಂದು ನಿಶ್ಚಯಿಸಿ ನೋಡಿದ. ಆಕೆ ಕಲ್ಲನ್ನು ನೋಡುತ್ತಿದ್ದಳು.

ಆತ ಓದಿದ. ಒಂಬತ್ತು ಸಾಲಿನ ತನಕ ಗೌಡರ ಮನೆಯವರು ತಲೆ ತೂಗಿದರು. ಹತ್ತನೆಯ ಸಾಲಿಗೆ ಗುಜುಗುಜು ಸುರುವಾಯಿತು. ಎತ್ತು ಜೋಳ ತಿಂದಲ್ಲಿ ಹಿಂದಿನಿಂದ ಒಬ್ಬ ಮುದುಕ ಎಷ್ಟೆತ್ತು ಎಂದು ಕೂಗಿ ಕೇಳಿದ. ಎರಡು ಅಂತ ಬರೆದಿದೆ ಎಂದು ಹೇಳಬೇಕಾಯಿತು.

“ನಾಕ ಇರಬೇಕ ನೋಡ್ರಿ,” ಎಂದ ಮುದುಕ. “ಗೌಡ್ರ ಮನ್ಯಾಗ ಎಂದ ಎರಡಽ ಎತ್ತಿದ್ದಾವು?”

ಊರು ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ಈರವ್ವಜ್ಜಿ. ಗೌಡರ ಮೀಸೆ ಒಂದು ಕ್ಷಣ ಏನು ಮಾಡುವುದೆಂದು ತಿಳಿಯದೆ ನಿಂತು, ಆಮೇಲೆ ಅದೂ ಅಲುಗಾಡಿತು.

ಆದರೆ ಸಿದ್ದಲಿಂಗಪ್ಪನ ಸರದಿ ಇನ್ನೂ ಬಾಕಿ ಇತ್ತು. ಕಲ್ಲು ಎದ್ದ ದಿನ ಇವನ್ನೆಲ್ಲ ಓದಿದೆ, ಓದಿಯೂ ಮಣ್ಣು ಹತ್ತಿದೆ ಎಂದು ಗೌಡರಿಗೆ ಸುಳ್ಳು ಹೇಳಿದೆ, ಸವೆದಿದೆ ಎಂದು ಪುಸ್ತಕದಲ್ಲೂ ಬರೆದಿದ್ದೆ ಎಂದ. ಯಾಕೆ ಎಂದು ಯಾರೂ ಕೇಳಲಿಲ್ಲ. ಈಗ ಯಾರೂ ನಗಲಿಲ್ಲ. ಎತ್ತು ನಾಲ್ಕು ನೂರು ವರ್ಷದ ಹಿಂದಿನವು, ಮಾಸ್ತರು ಎದುರಿಗೇ ಇದ್ದರು. ಆತನ ಕೈಯಲ್ಲಿದ್ದ ಪುಸ್ತಕದ ಅಂಚು ಬೆವರಿಗೆ ಒದ್ದೆಯಾಯಿತು. ನೂರು ಜೊತೆ ಕಣ್ಣುಗಳಲ್ಲಿ ಒಂದು ಜೊತೆ ಈಗ ಕಲ್ಲನ್ನು ಬಿಟ್ಟು ಆತನನ್ನು ನೋಡುತ್ತಿತ್ತು. ಅದು ಆತನಿಗೆ ಕಾಣಲಿಲ್ಲ; ತಲೆ ಕೆಳಗಿತ್ತು.

ಗೌಡರು ಎದ್ದು ಎರಡೇ ಮಾತಾಡಿದರು. ಈ ಕಲ್ಲು ಇನ್ನು ಹೀಗೇ ನೆಲದ ಮೇಲೆ ಪೂರ್ತಿ ಕಾಣುವಂತೆ ನಿಲ್ಲುತ್ತದೆ. ಚಪ್ಪಡಿಗಳನ್ನು ಹೊಂಡದ ಸವೆದ ಮೆಟ್ಟಿಲಿಗೆ ಹಾಕಿಸುತ್ತೇನೆ. ಮಾಸ್ತರ ಬಗ್ಗೆ ಏನೂ ಹೇಳಲಿಲ್ಲ.

ಜನ ಚದುರಿದ ಮೇಲೆ ಸಿದ್ದಲಿಂಗಪ್ಪ ಹೊಂಡದೊಳಗೆ ಇಳಿದು ಕೂತ. ಚೈತ್ರದ ನೀರು ಕೆಳಗೆ ಹೋಗಿತ್ತು, ಹದಿನಾಲ್ಕೂ ಮೆಟ್ಟಿಲು ಹೊರಗಿದ್ದವು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮೇಲೆ ಬಳೆಯ ಸದ್ದಾಯಿತು. ಶಿವಲಿಂಗವ್ವ ಎರಡು ಮೆಟ್ಟಿಲು ಮೇಲೆ ಬಂದು ನಿಂತಳು.

“ಅಂತೂ ಓದಾಕ ಬಂತಲ್ರಿ,” ಎಂದಳು.

“ಬಂತು.” ಆತ ಎದ್ದು ನಿಂತ. “ನೋಡಾಕ ಬರವರಿದ್ರಂತ.”

“ಬಂದಿದ್ರು. ಹೋದ್ರು. ಅವ್ರ ಮುಂದ ನಾ ಕಲ್ಲಿನ ಏಳೂ ಸಾಲ ಬಾಯಿಪಾಠ ಹೇಳಿದೆ.”

ಆತನಿಗೆ ನಗು ಬರಬೇಕಿತ್ತು, ಬರಲಿಲ್ಲ.

“ಒಂದ ಮಾತೈತ್ರಿ. ಮೂರ ತಿಂಗಳಿಂದ ಐತಿ. ಅನ್ನಾಕ ಧೈರ್ಯಾ ಇರಲಿಲ್ಲ.”

“ಅನ್ರಿ. ಊರ ಮುಂದ ಅಷ್ಟ ಅಂದೀರಿ, ನಾ ಒಬ್ಬಾಕಿ ಅದೇನಿ.”

“ಅದಕ್ಕಽ ಕಷ್ಟ ಆಗೈತಿ.” ಉಸಿರು ತೆಗೆದುಕೊಂಡ. “ನೀವಿಲ್ಲದ ಆ ಪ್ರೆಸ್ಸಿನ್ಯಾಗ ಒಂದ ಪುಟಾನೂ ನನಗ ಓದಾಕ ಆಗಲಿಲ್ಲ. ಅಕ್ಷರ ಕಾಣತಾವ, ಓದಾಕ ಆಗವಲ್ದು. ಖರೇ ಹೇಳಾಕತ್ತೇನಿ. ನೀವ ಬೇಕು. ನಿಮ್ಮ ಅಪ್ಪಾರು ಒಲ್ಲೆ ಅಂದ್ರೂ, ನೀವ ಒಲ್ಲೆ ಅಂದ್ರೂ, ಇದು ಸುಳ್ಳ ಆಗಂಗಿಲ್ಲ.”

ಆಕೆ ನೀರಿನ ಕಡೆ ನೋಡಿದಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಯಾವಾಗಲೂ ಚೂಪಾಗಿರುತ್ತಿದ್ದ ಆ ಮುಖ ಮೊದಲ ಸಲ ತಡವರಿಸಿತು.

“ಆ ಶನಿವಾರ ನಿಮ್ಮನ್ನ ಒಲ್ಲೆ ಅನಬೇಕಂತ ಮಾಡಿದ್ದೆರಿ,” ಎಂದಳು. “ಒಂದ ವಾರ ಒಬ್ಬಾಕಿನಽ ಕುಂತು ಒಲ್ಲೆ, ಒಲ್ಲೆ ಅಂತ ಅಂದ ನೋಡಿದೆ. ಬಾಯಾಗ ಕುಂದರವಲ್ದು.”

ಆತ ಒಂದು ಮೆಟ್ಟಿಲು ಏರಿದ. ಆಕೆ ಒಂದು ಮೆಟ್ಟಿಲು ಇಳಿದಳು. ನಡುವೆ ಮೆಟ್ಟಿಲು ಉಳಿದಿರಲಿಲ್ಲ. ಇಬ್ಬರೂ ಮುಟ್ಟಲಿಲ್ಲ, ಊರ ಹೊಂಡದ ಸುತ್ತ ನಾಲ್ಕು ದಿಕ್ಕಿಗೂ ಮನೆಗಳಿದ್ದವು, ಮನೆಗಳಿಗೆ ಕಿಟಕಿಗಳಿದ್ದವು. ಆದರೆ ಆಕೆಯ ಬೆರಳಿನಿಂದ ಸೆರಗು ಬಿಚ್ಚಿಕೊಂಡದ್ದು ಆತನ ಮುಂಗೈಗೆ ತಾಗಿ ಹೋಯಿತು, ಅಷ್ಟಕ್ಕೇ ಆತ ಉಸಿರಾಡುವುದನ್ನು ಮರೆತ.

ಮೇಲಿನಿಂದ ಗೌಡರ ದನಿ ಬಂತು. ಊಟಕ್ಕೆ ಹೊತ್ತಾಯಿತು, ಮಾಸ್ತರು ಎಲ್ಲಿ ಎಂದು ಯಾರನ್ನೋ ಗದರಿಸುತ್ತಿದ್ದರು. ಇಬ್ಬರೂ ಮೇಲೇರಿದರು. ಗೌಡರು ಮಗಳನ್ನು ನೋಡಿದರು, ಮಾಸ್ತರನ್ನು ನೋಡಿದರು, ಕೆಮ್ಮಿದರು.

ಆ ಮನೆಯಲ್ಲಿ ಹೊರಗಿನವರಿಗೆ, ಅವರು ಎಷ್ಟೇ ದೊಡ್ಡವರಿರಲಿ, ಪಡಸಾಲೆಯಲ್ಲಿ ಊಟ. ಒಳಗೆ, ಒಲೆಯ ಮುಂದೆ, ಮನೆಯ ಗಂಡಸರಷ್ಟೇ ಕೂರುತ್ತಿದ್ದರು. ರಾಯರು ಆಗಲೇ ಪಡಸಾಲೆಯಲ್ಲಿ ಗಂಗಾಳದ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಸಿದ್ದಲಿಂಗಪ್ಪ ಕಾಲು ತೊಳೆದು ಅವರ ಪಕ್ಕದಲ್ಲಿ ಕೂರಲು ಹೋದ. ಅಲ್ಲಿ ಎರಡನೆಯ ಗಂಗಾಳ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕತೊಡಗಿದ.

ಈರವ್ವಜ್ಜಿ ಒಳಗಿನಿಂದ ಇಣುಕಿ ನೋಡಿದಳು.

“ಅಲ್ಲ್ಯಾಕ ನಿಂತೀಯೋ ಯಪ್ಪಾ,” ಎಂದಳು. “ನಿನ್ನ ಗಂಗಾಳ ಒಳಗ ಇಟ್ಟೇವಿ, ಬಾ.”